ಅಣ್ಣನಿಗೆ ಬಂದದ್ದು ತಂಗಿಗೂ ಬರುತ್ತದೆಯೇ?

ಪ್ರಶ್ನೆ: ಹೋದ ಮಳೆಗಾಲದಲ್ಲಿ ನಾಲ್ಕು ವರ್ಷದ ಮಗನಿಗೆ ಕವಾಸಾಕಿ ಕಾಯಿಲೆ (ಜ್ವರದ ಜೊತೆ ರಕ್ತನಾಳಗಳಲ್ಲಿ ಉರಿಯೂತ) ಬಂದಿತ್ತು. ಅತ್ತೆ ‘ನಿಮ್ಮ ಕಡೆಯ ರಕ್ತ’ ಎನ್ನುತ್ತಾರೆ. ಒಂದು ವರ್ಷದ ಮಗಳಿಗೆ ಜೀನ್ ಪರೀಕ್ಷೆ ಮಾಡಿಸಲೇ?
– ಒಬ್ಬ ತಾಯಿ, ಕುಮಟಾ

ಉತ್ತರ: ಎರಡೂ ಕಡೆಯ ರಕ್ತಕ್ಕೆ ಪಾಲಿರಬಹುದು ತಂಗೀ, ಅತ್ತೆಯವರಿಗೂ ಓದಿ ಹೇಳಿ. 2008ರಲ್ಲಿ ಜಪಾನಿನ ಸಂಶೋಧಕರು ಐಟಿಪಿಕೆಸಿ ಎಂಬ ಜೀನಿನಲ್ಲಿ ಈ ಕಾಯಿಲೆಗೆ ನಂಟಿರುವ ಒಂದೇ ಅಕ್ಷರದ ವ್ಯತ್ಯಾಸ ಗುರುತಿಸಿದರು. ಈ ಜೀನು ರೋಗನಿರೋಧಕ ಟಿ-ಕಣಗಳಿಗೆ ಮೂಗುದಾರವಿದ್ದಂತೆ. ಅದು ಸಡಿಲಾದರೆ ಕಣಗಳು ಕೆರಳುತ್ತವೆ, ಹೃದಯದ ರಕ್ತನಾಳ ಉಬ್ಬುವ ಅಪಾಯವೂ ಹೆಚ್ಚು. ಆದರೆ ಆ ವ್ಯತ್ಯಾಸ ಇದ್ದವರಲ್ಲಿ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ. ಪರೀಕ್ಷೆಗೆ ದುಡ್ಡು ಸುರಿಯಬೇಡಿ.

ಜಪಾನಿನ ಲೆಕ್ಕದಲ್ಲಿ ಒಡಹುಟ್ಟಿದವರಿಗೆ ಅಪಾಯ ಸುಮಾರು 10 ಪಟ್ಟು. ಕೇಳಿ ಗಾಬರಿಯಾಗಬೇಡಿ, 10 ಪಟ್ಟು ಎಂದರೂ 100ರಲ್ಲಿ ಎರಡೇ ಮಕ್ಕಳು. ಶಿರಸಿಯಲ್ಲಿ ನಾನು ನೋಡಿದ ಮಗುವಿನ ತುಟಿ ಮುರುಗಲು ಹಣ್ಣಿನ ಸಿಪ್ಪೆಯಷ್ಟು ಕೆಂಪಾಗಿತ್ತು, ಕಣ್ಣು ಕೆಂಪಾದರೂ ಪಿಸುರಿಲ್ಲ. ಮಗಳಿಗೆ ಜ್ವರ ಬಿಡದೆ ಹೀಗಾದರೆ ಕಷಾಯ ಕುಡಿಸುತ್ತ ಕೂರದೆ, ಅಣ್ಣನ ಕಾಗದಪತ್ರ ಹಿಡಿದು ಮಕ್ಕಳ ಡಾಕ್ಟರ ಬಳಿ ಹೋಗಿ. ಜ್ವರ ಶುರುವಾದ 10 ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್ (ರಕ್ತನಾಳಕ್ಕೆ ಕೊಡುವ ಪ್ರತಿಕಾಯಗಳ ಔಷಧ) ಕೊಟ್ಟರೆ, ನಾಳ ಉಬ್ಬುವ ಸಾಧ್ಯತೆ ಶೇ. 25ರಿಂದ ಸುಮಾರು 4ಕ್ಕೆ ಇಳಿಯುತ್ತದೆ.

ಮಗನ ಎಕೋ (ಹೃದಯದ ಸ್ಕ್ಯಾನ್) ತಪ್ಪಿಸಬೇಡಿ.