ಚೈನ್‌ಸಾ ಚೈನ್ ಎಷ್ಟು ಮಸೆದರೂ ಕಚ್ಚುತ್ತಿಲ್ಲ, ಗ್ರೈಂಡರ್ ಕೊಳ್ಳಲೇ, ಅಂಗಡಿಗೆ ಕೊಡಲೇ?

ಎರಡೂ ಬೇಡ. ಫೋಂಡಾದಿಂದ ನೀವು ಬರೆದಿರೋದು ಓದಿದೆ: ಹಲ್ಲು ಹರಿತ ಇದೆ, ಆದರೂ ಪುಡಿ ಮಾತ್ರ ಬರುತ್ತೆ, ಚೈನೇ ಡೂಪ್ಲಿಕೇಟ್ ಇರಬೇಕು ಅಂತ. ನಾನೂ ಹೀಗೇ ಚೈನಿಗೆ ಬೈಕೊಂಡು ಓಡಾಡಿದವನೇ.

ಹಾವೇರಿ ಬಿಟ್ಟು ಗೋವಾಕ್ಕೆ ಬಂದು, ಸಾಂಗೆಂ ಕಡೆ ಮಳೆಗಾಳಿಗೆ ಬಿದ್ದ ಮರ ಕೊಯ್ಯೋ ಕೆಲಸ ಹಿಡಿದಿದ್ದೆ. ನಿಮ್ಮದೇ ಥರದ 58 ಸಿಸಿ ಮಷಿನ್, .325 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನ್. ದಿನಾ ಸಂಜೆ 4.8 ಮಿ.ಮೀ. ಗುಂಡು ಅರ ಹಿಡಿದು ಹಲ್ಲು ಮಸೀತಿದ್ದೆ. ಆದರೂ ಹಲಸಿನ ಬೊಡ್ಡೆಗೆ ಇಟ್ಟರೆ ಮೇಲೇ ಜಾರೋದು. ಜಾರಿದಷ್ಟೂ ಒತ್ತಿದೆ. ಚೈನ್ ಓಡೋ ಪಟ್ಟಿ, ಅಂದರೆ ಬಾರ್, ಕಾದು ನೀಲಿಯಾಯ್ತು, ಕ್ಲಚ್ ಸುಟ್ಟಿತು. ಅರ್ಧ ಕೊಯ್ದ ಮರ ಅಂಗಳದಲ್ಲಿ ಬಿದ್ದಿದ್ದು ನೋಡಿ ಭಾಟ್ಕಾರ (ಜಮೀನಿನ ಯಜಮಾನ) ಬೇರೆ ಗ್ಯಾಂಗ್ ಕರೆಸಿದ. ಬಾರು, ಕ್ಲಚ್ಚು, ಕೂಲಿ ಮೂರೂ ಹೋಯ್ತು.

ಕಾರಣ ರೇಕರ್. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗುಬುಟು ಇದೆಯಲ್ಲ, ಅದು. ನಾನು ಅದನ್ನ ಯಾವತ್ತೂ ಮುಟ್ಟಿರಲಿಲ್ಲ. ಬಡಗಿಯ ಕೀಸುಳಿ ನೆನಪು ಮಾಡಿಕೊಳ್ಳಿ: ಅಲಗು ಎಷ್ಟು ಹೊರಗೆ ಬಂದಿದೆಯೋ ಅಷ್ಟೇ ದಪ್ಪ ಸಿಪ್ಪೆ ಏಳುತ್ತೆ. ಚೈನಿನಲ್ಲೂ ಹಲ್ಲಿನ ತುದಿ ರೇಕರ್‌ಗಿಂತ ಎಷ್ಟು ಎತ್ತರವೋ ಅಷ್ಟೇ ಕಚ್ಚು. ನಿಮ್ಮ ಚೈನಿಗೆ ಆ ಅಂತರ ಸುಮಾರು 0.65 ಮಿ.ಮೀ. ಇರಬೇಕು. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರು. ಮಸೆದಷ್ಟೂ ತುದಿ ಹಿಂದೆ ಸರಿಯುತ್ತೆ, ಸರಿದಷ್ಟೂ ತಗ್ಗುತ್ತೆ. ರೇಕರ್ ಮಾತ್ರ ಇದ್ದಲ್ಲೇ ಇರುತ್ತೆ. ಹೀಗೇ ಮಸೀತಾ ಹೋದರೆ ಎರಡೂ ಸಮ ಆಗಿ, ರೇಕರ್ ಮರಕ್ಕೆ ಉಜ್ಜುತ್ತೆ, ಹಲ್ಲು ಕಚ್ಚದೆ ಸುಮ್ಮನೆ ಅದರ ಹಿಂದೆ ಹೋಗುತ್ತೆ. ಅಂದರೆ ನಾನು ಶ್ರದ್ಧೆಯಿಂದ ದಿನಾ ಮಸೆದದ್ದೇ ಚೈನನ್ನ ಕೆಲಸಕ್ಕೆ ಬಾರದ ಹಾಗೆ ಮಾಡಿತ್ತು! ಸೋಮಾರಿ ಆಗಿದ್ದಿದ್ದರೆ ಇನ್ನೊಂದಷ್ಟು ದಿನ ಕೊಯ್ಯುತ್ತಿತ್ತೇನೋ.

ಡೆಪ್ತ್ ಗೇಜ್ ಅಂತ ತಗಡಿನ ಪಟ್ಟಿ ಸಿಗುತ್ತೆ, ಅದನ್ನ ಚೈನ್ ಮೇಲಿಟ್ಟು, ಪಟ್ಟಿಯ ಸಂದಿಯಿಂದ ರೇಕರ್ ಎದ್ದು ಕಾಣುವಷ್ಟನ್ನೇ ಚಪ್ಪಟೆ ಅರದಲ್ಲಿ ತೆಗೀರಿ. ನಾಲ್ಕೈದು ಸಲ ಮಸೆದ ಮೇಲೆ ಒಮ್ಮೆ ನೋಡಿದರೆ ಸಾಕು. ಕಣ್ಣಂದಾಜಿನಲ್ಲಿ ಜಾಸ್ತಿ ಉಜ್ಜಬೇಡಿ. ತೀರಾ ತಗ್ಗಿದರೆ ಮಷಿನ್ ಮರವನ್ನ ಗಬಕ್ಕನೆ ಹಿಡಿದು ಮುಖದ ಕಡೆಗೆ ಎಗರುತ್ತೆ.

ಹಲ್ಲು ಮಸೆಯೋದು ನಿಮಗೆ ಗೊತ್ತೇ ಇದೆ. ಆದರೂ, 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ವಾಪಸ್ ಎಳೀವಾಗ ಅರ ಎತ್ತಿ. ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ ಉಳಿದವನ್ನ ಅದರ ಉದ್ದಕ್ಕೆ ತನ್ನಿ, ಇಲ್ಲದಿದ್ದರೆ ಕೊಯ್ತ ಒಂದು ಕಡೆ ವಾಲುತ್ತೆ.

ಗ್ರೈಂಡರ್ ಯಾಕೆ ಬೇಡ ಅಂದೆ? ಕಲ್ಲು ಒಂದು ಕ್ಷಣ ಹೆಚ್ಚು ತಾಗಿದರೆ ಹಲ್ಲಿನ ತುದಿ ನೀಲಿಯಾಗಿ ಹದ ಕಳ್ಕೊಳ್ಳುತ್ತೆ. ಅಂಗಡಿಯವರಲ್ಲೂ ಅವಸರದವರು ಅದನ್ನೇ ಮಾಡೋದು, ದುಡ್ಡು ಬೇರೆ ಕೊಡಬೇಕು.

ಇನ್ನು ಚೈನ್ ಡೂಪ್ಲಿಕೇಟ್ ಅನ್ನೋದನ್ನ ನಾನು ಒಪ್ಪಲ್ಲ. ನೀವು ಬಿದ್ದ ಮರವನ್ನ ನೆಲದ ಮೇಲೇ ಕೊಯ್ತೀರಿ ಅಂತ ಬರೆದಿದ್ದೀರಿ. ಇಲ್ಲಿನ ಕೆಂಪು ಮಣ್ಣಿಗೆ ಓಡೋ ಚೈನ್ ಒಮ್ಮೆ ತಾಗಿದರೆ ಯಾವ ಕಂಪನಿಯದ್ದಾದರೂ ಅಷ್ಟೇ. ತೆಂಗಿನ ಕಾಂಡವಂತೂ ಮಣ್ಣಿಲ್ಲದಿದ್ದರೂ ಹಲ್ಲು ತಿನ್ನುತ್ತೆ. ದಿಮ್ಮಿಯ ಕೆಳಗೆ ಎರಡು ತುಂಡು ಕಟ್ಟಿಗೆ ಕೊಟ್ಟು ಎತ್ತರಿಸಿ, ತೊಗಟೆಯ ಕೆಸರು ತೊಳೆದೋ ಕೊಡಲಿಯಿಂದ ಕೆತ್ತಿಯೋ ಆಮೇಲೆ ಮಷಿನ್ ಇಡಿ. ಮೊದಲು ರೇಕರ್ ನೋಡಿ, ಚಕ್ಕೆ ಏಳ್ತಾ ಇದೆಯಾ ಅಂತ ಇಲ್ಲೇ ಕೆಳಗೆ ಬರೀರಿ.