ಸಕ್ಕರೆ ಬುರುಡೆ ಒಡೆಯುವುದೇಕೆ?

ಪ್ರಶ್ನೆ: ಮೆಕ್ಸಿಕೋದವರು ಗತಿಸಿದ ಹಿರಿಯರಿಗೆ ಮನೆಯಲ್ಲಿ ಎಡೆ ಇಡುವುದು ಹೇಗೆ? ಆ ಎಡೆಗೆ ಇಡುವ ಸಕ್ಕರೆ ಬುರುಡೆ (ತಲೆಬುರುಡೆ ಆಕಾರದ ಸಕ್ಕರೆ ಅಚ್ಚು) ಮಾಡಲು ಹೋದೆ, ಅಚ್ಚಿನಿಂದ ತೆಗೆಯುವಾಗ ಪುಡಿಯಾಯಿತು.

ಉತ್ತರ: ಆ ಎಡೆಗೆ ‘ಒಫ್ರೆಂದಾ’ ಎನ್ನುತ್ತಾರೆ. ನವೆಂಬರ್ 1 ತೀರಿಕೊಂಡ ಮಕ್ಕಳಿಗೆ, 2 ದೊಡ್ಡವರಿಗೆ. ಮೇಜಿನ ಮೇಲೆ ಪೆಟ್ಟಿಗೆಗಳನ್ನಿಟ್ಟು ಮೆಟ್ಟಿಲು ಮಾಡಿ, ಬಟ್ಟೆ ಹಾಸಿ, ಮೇಲೆ ಫೋಟೋ ಇಡಿ. ಒಂದು ಲೋಟ ನೀರು, ಉಪ್ಪು, ಮೇಣದಬತ್ತಿ, ಅವರಿಗೆ ಇಷ್ಟವಾಗಿದ್ದ ತಿನಿಸು ಇರಲೇಬೇಕು. ಬಾಗಿಲಿನಿಂದ ಮೇಜಿನವರೆಗೆ ಚೆಂಡುಹೂವಿನ ಎಸಳು ಚೆಲ್ಲುವುದು ಆತ್ಮಕ್ಕೆ ದಾರಿ ತೋರಲು. ನಮ್ಮ ಆಯುಧಪೂಜೆಯ ಚೆಂಡುಹೂವಿನ ತವರೂ ಮೆಕ್ಸಿಕೋವೇ! ಕತ್ತರಿಸಿದ ಬಣ್ಣದ ಕಾಗದದ ತೋರಣವನ್ನು ದೀಪದಿಂದ ದೂರ ಕಟ್ಟಿ. ಗಾಳಿಗೆ ವಾಲಿದರೆ ಹೊತ್ತಿಕೊಳ್ಳುತ್ತದೆ.

ಬುರುಡೆಗೆ 1 ಕಪ್ ಸಕ್ಕರೆ, 1 ಟೀ ಚಮಚ ಮೆರಾಂಗ್ ಪುಡಿ (ಒಣಗಿಸಿದ ಮೊಟ್ಟೆಯ ಬಿಳಿಯಿಂದ ಮಾಡಿದ ಪುಡಿ), 1 ಟೀ ಚಮಚ ನೀರು. ಕೈಯಿಂದ ಚೆನ್ನಾಗಿ ತಿಕ್ಕಿ, ಮುಷ್ಟಿಯಲ್ಲಿ ಹಿಚುಕಿ ನೋಡಿ: ಬೆರಳಚ್ಚು ನಿಂತರೆ ಹದ ಸರಿ, ಉದುರಿದರೆ ನೀರು ಸಾಲದು. ನಿಮ್ಮದು ಬಹುಶಃ ಹೀಗೇ ಆಗಿದೆ. ಹನಿ ಹನಿಯಾಗಿ ಸೇರಿಸಿ. ಹೆಚ್ಚಾದರೆ ಅಚ್ಚಿಗೆ ಅಂಟುತ್ತದೆ. ಅಚ್ಚಿಗೆ ಒತ್ತಿ ತುಂಬಿ, ತಕ್ಷಣ ರಟ್ಟಿನ ಮೇಲೆ ಬೋರಲು ಹಾಕಿ, ರಾತ್ರಿಯಿಡೀ ಒಣಗಿಸಿ. ಮಳೆಯ ದಿನ ಮಾತ್ರ ಬೇಡ, ತೇವಕ್ಕೆ ಗಟ್ಟಿಯಾಗುವುದೇ ಇಲ್ಲ. ಕೊನೆಗೆ ಹಣೆಯ ಮೇಲೆ ಹೋದವರ ಹೆಸರು ಬರೆಯಿರಿ.