ಟೈರ್ ಒಳಗಡೆ ಮಾತ್ರ ಸವೀತಿದೆಯಾ? ಕ್ಯಾಂಬರ್‌ಗೆ ಬಯ್ಯೋಕೆ ಮುಂಚೆ ಟೋ ನೋಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಕಾರಿನ ಹೆಸರು ಮಾತ್ರ ಬೇರೆ ಬೇರೆ. ಹಾಗಾಗಿ ಇವತ್ತು ಅದನ್ನೇ ಪೂರ್ತಿ ಬಿಡಿಸಿ ಹೇಳ್ತೀನಿ, ಮಿಕ್ಕಿದ್ದಕ್ಕೆ ಒಂದೆರಡು ಸಾಲು ಸಾಕು. ಟೋ ಅಂದ್ರೇನು, ಕ್ಯಾಂಬರ್ ಅಂದ್ರೇನು ಅಂತ ಅ ಆ ಇ ಈ ಇಂದ ಶುರು ಮಾಡಲ್ಲ, ಸ್ಪೋರ್ಟ್ಸ್ ಕಾರ್ ಇಟ್ಕೊಂಡೋರಿಗೆ ಅಷ್ಟು ಗೊತ್ತಿರ್ಲೇಬೇಕು. ಮರೆತಿದ್ರೆ ಒಂದೇ ಸಾಲು: ಕಾರಿನ ಮುಂದೆ ನಿಂತು ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನೋದು ಕ್ಯಾಂಬರ್ (ಮೇಲ್ತುದಿ ಒಳಕ್ಕೆ ವಾಲಿದ್ರೆ ನೆಗೆಟಿವ್), ಮೇಲಿಂದ ನೋಡಿದಾಗ ಚಕ್ರದ ಮುಂತುದಿ ಎಷ್ಟು ಒಳಕ್ಕೆ (ಟೋ ಇನ್) ಅಥವಾ ಹೊರಕ್ಕೆ (ಟೋ ಔಟ್) ತಿರುಗಿದೆ ಅನ್ನೋದು ಟೋ.

ಪ್ರಶ್ನೆ: ನನ್ನದು ರಿಯರ್ ವೀಲ್ ಡ್ರೈವ್ ಕೂಪೆ. ಲೋವರಿಂಗ್ ಸ್ಪ್ರಿಂಗ್ ಹಾಕಿಸಿ 30 ಮಿ.ಮೀ. ಇಳಿಸಿದ್ದೀನಿ. ಹಿಂದಿನ ಟೈರ್ 9,000 ಕಿ.ಮೀ.ಗೇ ಒಳಗಡೆ ಬೋಳಾಗಿದೆ, ಹೊರಗಡೆ ಇನ್ನೂ 5 ಮಿ.ಮೀ. ಇದೆ. ಅಲೈನ್‌ಮೆಂಟ್ ಮಾಡಿಸಿದಾಗ ಸ್ಕ್ರೀನ್ ಮೇಲೆ ಎಲ್ಲಾ ಹಸಿರೇ ಇತ್ತು. ನೆಗೆಟಿವ್ ಕ್ಯಾಂಬರ್ ತೆಗೆಸಿ ಸೊನ್ನೆ ಮಾಡಿಸ್ಲಾ?

ಬೇಡ. ದಯವಿಟ್ಟು ಬೇಡ. ಕ್ಯಾಂಬರ್ ಸೊನ್ನೆ ಮಾಡಿಸಿದ್ರೆ ತಿರುವಿನಲ್ಲಿ ಬಾಡಿ ವಾಲಿದಾಗ ಟೈರ್ ಹೊರಗಡೆ ಅಂಚಿನ ಮೇಲೆ ನಿಲ್ಲುತ್ತೆ, ಹಿಡಿತ ಹೋಗುತ್ತೆ, ಆಮೇಲೆ ಆರು ತಿಂಗಳು ಬಿಟ್ಟು ಹೊರಗಡೆ ಸವೆದಿದೆ ಅಂತ ಮತ್ತೆ ನನಗೇ ಬರೀತೀರಿ.

ಟೈರ್ ಎಲ್ಲಿ ಸವೆಯುತ್ತೆ ಅನ್ನೋದು ಕ್ಯಾಂಬರ್ ಕೈಲಿದೆ, ಎಷ್ಟು ಬೇಗ ಸವೆಯುತ್ತೆ ಅನ್ನೋದು ಬಹುಪಾಲು ಟೋ ಕೈಲಿದೆ. ಮೈನಸ್ 2 ಡಿಗ್ರಿ ಕ್ಯಾಂಬರ್ ಇದ್ದೂ ಟೋ ಸರಿಯಾಗಿರೋ ಕಾರುಗಳು ಟೈರ್‌ನ ಪೂರ್ತಿ ಆಯಸ್ಸು ಓಡಿಸಿರೋದನ್ನ ಎಷ್ಟೋ ನೋಡಿದ್ದೀನಿ. ಕ್ಯಾಂಬರ್‌ನಿಂದ ಭಾರ ಒಳ ಅಂಚಿನ ಮೇಲೆ ಬಿದ್ದಿರುತ್ತೆ, ಅದರ ಜೊತೆ ಟೋ ತಪ್ಪಿದ್ರೆ ಆ ಅಂಚನ್ನೇ ಹಿಡಿದು ರಸ್ತೆಗೆ ಉಜ್ಜಿದ ಹಾಗಾಗುತ್ತೆ. ಟೋ ಇನ್ ಜಾಸ್ತಿ ಇದ್ರೂ ಅಷ್ಟೇ, ಔಟ್ ಇದ್ರೂ ಅಷ್ಟೇ.

ಹೋದ ವರ್ಷ ನೋಡಿದ ಒಂದು ಕಾರಿನ ಕಥೆ ಹೇಳ್ತೀನಿ, ನಿಮ್ಮದೂ ಇದೇ ಇರಬಹುದು. ಕಂಪನಿ ಪುಸ್ತಕದಲ್ಲಿ ಹಿಂದಿನ ಒಟ್ಟು ಟೋ ಇನ್ 0.20 ಡಿಗ್ರಿ ಅಂತಿತ್ತು, ಅಂದ್ರೆ ಒಂದೊಂದು ಚಕ್ರಕ್ಕೆ 0.10. ಪ್ರಿಂಟ್‌ಔಟ್‌ನಲ್ಲಿ ಒಂದೊಂದು ಚಕ್ರಕ್ಕೂ 0 ಡಿಗ್ರಿ 20 ಮಿನಿಟ್. 60 ಮಿನಿಟ್‌ಗೆ ಒಂದು ಡಿಗ್ರಿ, ಹಾಗಾಗಿ 20 ಮಿನಿಟ್ ಅಂದ್ರೆ 0.33 ಡಿಗ್ರಿ, 0.20 ಅಲ್ಲ. ಒಟ್ಟು ಟೋನ ಒಂದು ಚಕ್ರದ ಟೋ ಅಂದ್ಕೊಂಡಿದ್ದು ಒಂದು ತಪ್ಪು, ಮಿನಿಟ್‌ನ ದಶಮಾಂಶ ಅಂದ್ಕೊಂಡಿದ್ದು ಇನ್ನೊಂದು, ಎರಡೂ ಸೇರಿ ಬೇಕಾಗಿದ್ದಕ್ಕಿಂತ ಮೂರು ಪಟ್ಟಿಗೂ ಮೇಲೆ. ಬರೀ ಕೋನದ ಲೆಕ್ಕ ಹಾಕಿದ್ರೆ 0.10 ಡಿಗ್ರಿಗೆ ಚಕ್ರ ಪ್ರತಿ ಕಿಲೋಮೀಟರ್‌ಗೆ 1.7 ಮೀಟರ್ ಅಡ್ಡಡ್ಡ ಎಳೆದ ಹಾಗೆ, 0.33ಕ್ಕೆ 5.8 ಮೀಟರ್. 9,000 ಕಿ.ಮೀ. ಓಡಿಸಿದ್ರೆ ಐವತ್ತು ಕಿಲೋಮೀಟರ್‌ಗಿಂತ ಜಾಸ್ತಿ ಅಡ್ಡಡ್ಡ ಉಜ್ಜಿದ ಲೆಕ್ಕ, ಅದೂ ಮೆತ್ತಗಿನ ಸ್ಪೋರ್ಟ್ಸ್ ಟೈರ್‌ನ. ಉಳಿಯುತ್ತಾ ಹೇಳಿ.

ಹಾಗಂತ ಹಿಂದೆ ಟೋ ಸೊನ್ನೆಗೂ ಇಳಿಸ್ಬೇಡಿ. ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಹಿಂಭಾಗ ಜಾರದ ಹಾಗೆ ಹಿಡಿಯೋದೇ ಆ ಚೂರು ಟೋ ಇನ್, ಟೈರ್ ಉಳಿಸೋಕೆ ಹೋಗಿ ಕಾರನ್ನ ತಿರುಗಿಸಿಕೊಳ್ಳೋದು ಬೇಡ.

ಈಗ ಹಸಿರು ಬಣ್ಣದ ವಿಷಯ. ಆ ಹಸಿರು ಬರೋದು ರೀಡಿಂಗ್ ಕಾರಿನ ಮೂಲ ಎತ್ತರಕ್ಕೆ ಇಟ್ಟ ಮಿತಿಯೊಳಗಿದ್ರೆ. ಮಿತಿ ಅಗಲ ಬೇರೆ ಇರುತ್ತೆ, ಎಡಗಡೆ ಈ ತುದಿ ಬಲಗಡೆ ಆ ತುದಿ ಇದ್ರೂ ಎರಡೂ ಹಸಿರೇ. ಇಳಿಸಿದಾಗ ಆರ್ಮ್‌ಗಳ (ಚಕ್ರವನ್ನ ಕಾರಿಗೆ ಹಿಡಿದಿಡೋ ಸಸ್ಪೆನ್ಷನ್ ತೋಳುಗಳ) ಕೋನ ಬದಲಾಗಿ ನೆಗೆಟಿವ್ ಕ್ಯಾಂಬರ್ ಏರುತ್ತೆ, ಟೋನೂ ತನ್ನಷ್ಟಕ್ಕೆ ಸರಿಯುತ್ತೆ. ಕ್ಯಾಂಬರ್ ಬೋಲ್ಟ್ ಕೊನೇವರೆಗೂ ತಿರುಗಿಸಿದ್ರೂ ಸಾಲದೇ ಹೋದ್ರೆ ಅಡ್ಜಸ್ಟೆಬಲ್ ಆರ್ಮ್ ಹಾಕ್ಬೇಕು, ಬೇರೆ ದಾರಿ ಇಲ್ಲ. "ಆರ್ಮ್ ಕಾಯಿಸಿ ಸ್ವಲ್ಪ ಬಗ್ಗಿಸಿ ಕೊಡ್ತೀವಿ" ಅನ್ನೋರು ಇದ್ದಾರೆ, ಅಂಥವರ ಹತ್ರ ಕಾರು ಒಂದು ನಿಮಿಷಾನೂ ನಿಲ್ಲಿಸ್ಬೇಡಿ! ಅಲ್ಯೂಮಿನಿಯಂ ಆರ್ಮ್ ಕಾಯಿಸಿದ್ರೆ ಅದಕ್ಕೆ ಕಾರ್ಖಾನೆಯಲ್ಲಿ ಕೊಟ್ಟ ಹದ ಹೋಯ್ತು, ಯಾವತ್ತು ಯಾವ ವೇಗದಲ್ಲಿ ಮುರಿಯುತ್ತೋ ಯಾರಿಗೂ ಗೊತ್ತಾಗಲ್ಲ. ಇನ್ನು ಅಳತೆಗೆ ಚಕ್ರಕ್ಕೆ ಸಿಗಿಸೋ ಸೆನ್ಸರ್ ಹೆಡ್ಡನ್ನ ಒಂಚೂರು ವಾಲಿಸಿ ಹಸಿರು ತೋರಿಸಿ ಕಳಿಸೋರದ್ದು ಶುದ್ಧ ಮೋಸ.

ಮುಂದಿನ ಸಲ ಹೀಗೆ ಮಾಡಿ. ಮೊದಲು ಕಾರು ಲಿಫ್ಟ್ ಮೇಲಿದ್ದಾಗ ಹಿಂದಿನ ಲೋವರ್ ಆರ್ಮ್ ಬುಷ್ (ಕೀಲಿನಲ್ಲಿರೋ ರಬ್ಬರ್), ಟೋ ಹಿಡಿದಿಡೋ ಟೋ ಲಿಂಕ್‌ನ ಬುಷ್ ಸಂದಿಗೆ ಕಬ್ಬಿಣದ ರಾಡ್ ಕೊಟ್ಟು ಮೀಟಿ ನೋಡೋಕೆ ಹೇಳಿ. ಬುಷ್ ಸತ್ತಿದ್ರೆ ನಿಂತಾಗ ರೀಡಿಂಗ್ ಚೆನ್ನಾಗೇ ಬರುತ್ತೆ, ಬ್ರೇಕ್ ಒತ್ತಿದ ತಕ್ಷಣ ಟೋ ಎಲ್ಲೋ ಹೋಗಿರುತ್ತೆ. ಪ್ರೆಶರ್ ತಣ್ಣಗಿದ್ದಾಗ ಸರಿ ಮಾಡ್ಕೊಂಡು ಹೋಗಿ, ಡ್ರೈವರ್ ಸೀಟ್ ಮೇಲೆ ನಿಮ್ಮ ತೂಕದಷ್ಟು ಭಾರ ಇಡಿಸಿ, ಕಡಿಮೆ ಎತ್ತರದ ಕಾರಿಗೆ ಅಷ್ಟಕ್ಕೂ ವ್ಯತ್ಯಾಸ ಬರುತ್ತೆ. ಮೊದಲು ಹಿಂದೆ, ಆಮೇಲೆ ಮುಂದೆ. ಮೊದಲು ಕ್ಯಾಂಬರ್, ಕೊನೇಗೆ ಟೋ, ಯಾಕಂದ್ರೆ ಕ್ಯಾಂಬರ್ ಅಲ್ಲಾಡಿಸಿದ್ರೆ ಟೋ ಹೋಯ್ತು ಅಂತಾನೇ ಅರ್ಥ. ಬಿಗಿ ಮಾಡಿದ ಮೇಲೆ ಬೋಲ್ಟ್ ತಲೆಯಿಂದ ಬ್ರಾಕೆಟ್‌ವರೆಗೂ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೀರಿ, ತಿಂಗಳು ಬಿಟ್ಟು ಗೆರೆ ತಪ್ಪಿದ್ರೆ ಬೋಲ್ಟ್ ಜಾರಿದೆ. ಮಾಡೋಕೆ ಮುಂಚಿನ ರೀಡಿಂಗ್, ಮಾಡಿದ ಮೇಲಿನ ರೀಡಿಂಗ್ ಎರಡೂ ಪ್ರಿಂಟ್ ಇಸ್ಕೊಳ್ಳಿ, ಕೊಡಲ್ಲ ಅಂದ್ರೆ ಬೇರೆ ಕಡೆ ಹೋಗಿ.

ಬರೀ ರಸ್ತೆಯಲ್ಲೇ ಓಡಿಸೋದಾದ್ರೆ ಹಿಂದಿನ ಕ್ಯಾಂಬರ್ ಮೈನಸ್ 1.5 ಡಿಗ್ರಿ ಹತ್ರ ನಿಲ್ಲಿಸಿ ಅಂತೀನಿ. ಮೈನಸ್ 2.5, 3 ಎಲ್ಲ ಟ್ರ್ಯಾಕ್‌ಗೆ ಹೋಗೋರಿಗೆ, ಪಾರ್ಕಿಂಗ್‌ನಲ್ಲಿ ಚೆನ್ನಾಗಿ ಕಾಣ್ಲಿ ಅಂತ ಅಷ್ಟು ಬಗ್ಗಿಸೋದು ನನಗೆ ಒಂಚೂರೂ ಹಿಡಿಸಲ್ಲ.

ಮತ್ತೆ, ತಿಂಗಳಿಗೊಮ್ಮೆ ಟೈರ್ ಮೇಲೆ ಅಂಗೈ ಆಡಿಸಿ, ಒಳಗಿಂದ ಹೊರಕ್ಕೆ ಒಂದು ಸಲ, ಹೊರಗಿಂದ ಒಳಕ್ಕೆ ಒಂದು ಸಲ. ಒಂದು ಕಡೆಗೆ ನುಣ್ಣಗೆ ಹೋಗಿ ವಾಪಸ್ ಬರುವಾಗ ಗರಗಸದ ಹಾಗೆ ಕೈಗೆ ತಗುಲಿದ್ರೆ ಟೋ ತಪ್ಪಿದೆ. ಕಣ್ಣಿಗೆ ಕಾಣೋಕೆ ಎಷ್ಟೋ ಮುಂಚೆ ಕೈಗೆ ಗೊತ್ತಾಗುತ್ತೆ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದ್ರೆ ಸವೆತ ನಿಲ್ಲುತ್ತಂತೆ?

ನೀವು ಉಸಿರಾಡೋ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ಪ್ರೆಶರ್ ಗೇಜ್ ತಗೊಳ್ಳಿ, ವಾರಕ್ಕೊಮ್ಮೆ ನೋಡಿ.

ಪ್ರಶ್ನೆ: ಬ್ಯಾಲೆನ್ಸಿಂಗ್ ಮಾಡಿಸಿದೆ, ಆದ್ರೂ ಒಳಗಡೆ ಸವೆಯೋದು ನಿಂತಿಲ್ಲ.

ನಿಲ್ಲಲ್ಲ. ಅದು ಸ್ಟೇರಿಂಗ್ ನಡುಗೋದಕ್ಕೆ ಮದ್ದು, ಇದಕ್ಕಲ್ಲ.

ಪ್ರಶ್ನೆ: ಮುಂದೆ 235, ಹಿಂದೆ 265 ಸೈಜ್. ರೊಟೇಶನ್ ಹೇಗೆ ಮಾಡೋದು?

ಹಿಂದೆ ಮುಂದೆ ಮಾಡೋಕಾಗಲ್ಲ. ಟೈರ್ ಮೇಲೆ ತಿರುಗೋ ದಿಕ್ಕಿನ ಬಾಣ ಮಾತ್ರ ಇದ್ರೆ ರಿಮ್‌ನಿಂದ ಬಿಚ್ಚಿಸಿ ಎಡಬಲ ಅದಲು ಬದಲು ಮಾಡಿ ಹಾಕಿಸಬಹುದು, ಒಳ ಅಂಚು ಹೊರಕ್ಕೆ ಬರುತ್ತೆ. ಒಳಗಡೆ ಹೊರಗಡೆ ಅಂತ ಬರೆದಿದ್ರೆ ಅದೂ ಆಗಲ್ಲ.

ಪ್ರಶ್ನೆ: ಒಳ ಅಂಚಿನಲ್ಲಿ ತಂತಿ ಕಾಣ್ತಿದೆ. ಹೊಸ ಟೈರ್ ಬರೋಕೆ ನಾಲ್ಕು ದಿನ ಇದೆ, ಅಲ್ಲಿವರೆಗೂ ನಿಧಾನಕ್ಕೆ ಓಡಿಸಬಹುದಾ?

ಇಲ್ಲ. ನಿಧಾನಕ್ಕೂ ಬೇಡ, ಪಕ್ಕದ ಬೀದಿಗೂ ಬೇಡ. ಕಾರು ನಿಂತಲ್ಲೇ ಇರ್ಲಿ, ಟೈರ್ ಬಂದ ಮೇಲೆ ಚಕ್ರ ಬಿಚ್ಚಿಕೊಂಡು ಹೋಗಿ ಹಾಕಿಸ್ಕೊಂಡು ಬನ್ನಿ. ಇನ್ನೊಂದು ಹಿಂದಿನ ಟೈರ್‌ನ ಒಳ ಅಂಚೂ ಟಾರ್ಚ್ ಹಾಕಿ ನೋಡಿ, ಅದೂ ಹಾಗೇ ಇರುತ್ತೆ.